ಎಲ್ಲರನ್ನೂ ಮ್ಯಾನೇಜರ್ ಮಾಡಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡು ತಿಂಗಳು ತುಂಬಿಲ್ಲ, ಆಗಲೇ ಅವರನ್ನು ದೇವರು ಮಾಡುವ ಕೆಲಸ ಶುರುವಾಗಿದೆ. ಹಂಪಾಪುರದ ಶಾಲೆಯ ಹಳೆಯ ಹುಡುಗರೆಲ್ಲ ಸೇರಿ ಅವರ ಮೇಲೆ ಒಂದು ನೆನಪಿನ ಪುಸ್ತಕ ಮಾಡುತ್ತಾರಂತೆ. ಹುಡುಗರು ಅಂದರೆ ತಲೆ ನರೆತವರು, ಮೊಮ್ಮಕ್ಕಳು ಇರುವವರು. ಮೊನ್ನೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನ ನನ್ನ ಹೋಟೆಲಿಗೆ ಬಂದು ಬೆಂಚಿನ ಮೇಲೆ ಕೂತರು.

"ಗೌರಮ್ಮ, ಮೇಷ್ಟ್ರು ರಿಟೈರಾದ ಮೇಲೆ ದಿನಾ ನಿಮ್ಮಂಗಡೀಲೇ ಟೀ ಕುಡಿದವ್ರೆ. ಅವರ ಬಗ್ಗೆ ಎರಡು ಒಳ್ಳೆ ಮಾತು ಬರ್ಕೊಡಿ," ಅಂದರು.

"ಒಳ್ಳೆ ಮಾತು ನೀವೇ ಬರ್ಕೊಳಿ. ನಾನು ಕಂಡಿದ್ದು ಬರೀತೀನಿ. ಆಮೇಲೆ ಅದನ್ನ ತಿದ್ದಬ್ಯಾಡಿ."

ಒಪ್ಪಿದರು. ಪುಸ್ತಕದ ಮೊದಲ ಪುಟ ಹೀಗಿರುತ್ತದೆ ಅಂತ ಒಂದು ಹಾಳೆ ತೋರಿಸಿದರು. ಮೇಲೆ ಮೇಷ್ಟ್ರ ಫೋಟೋ, ಕೆಳಗೆ ಒಂದು ಉದ್ದದ ಬಿರುದು. ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ಚಟ್ನಿಗೆ ಇಟ್ಟಿದ್ದ ಒಗ್ಗರಣೆ ಸೀದು ಕಪ್ಪಾಗಿತ್ತು.

ಅವರ ಹೆಸರು ನಾನು ಬರೆಯುವುದಿಲ್ಲ. ಹೆಸರು ಹೇಳಿದರೆ ಈ ಕಡೆ ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟ್ರು ಅಂದರೆ ನಾಯಿಗೂ ಗೊತ್ತಾಗುತ್ತದೆ. ನಾಯಿಗೆ ಗೊತ್ತಾಗಲು ಕಾರಣ ಅವರ ಛತ್ರಿ. ಬಿಸಿಲಿರಲಿ, ಮೋಡವಿರಲಿ, ಕಂಕುಳಲ್ಲಿ ಛತ್ರಿ ಇರುತ್ತಿತ್ತು. ಬಿಚ್ಚಿದ್ದನ್ನು ನಾನು ನೋಡಿಲ್ಲ. ಮಳೆ ಬಂದರೆ ಓಡಿ ನನ್ನ ಹೋಟೆಲಿನ ತಾರಸಿ ಕೆಳಗೆ ನಿಲ್ಲುತ್ತಿದ್ದರು. ಟೀ ಕೊಟ್ಟರೆ ಲೋಟದ ಅಂಚನ್ನು ಜೇಬಿನ ಕರವಸ್ತ್ರದಿಂದ ಒರೆಸಿಯೇ ಕುಡಿಯುತ್ತಿದ್ದರು. ಆ ಕರವಸ್ತ್ರದಿಂದ ನನ್ನ ಒಲೆಕಟ್ಟೆ ಒರೆಸಲೂ ನಾನು ಒಪ್ಪುತ್ತಿರಲಿಲ್ಲ.

ಅವರಿಗೆ ಒಂದು ಕಾಯಿಲೆ ಇತ್ತು. ಯಾವ ಮನುಷ್ಯನನ್ನೂ ಅವನ ಕೆಲಸದ ಹೆಸರಿನಿಂದ ಕರೆಯಲು ನಾಲಿಗೆ ಹೊರಳುತ್ತಿರಲಿಲ್ಲ. ಬಸ್ಸಿನ ಕಂಡಕ್ಟರನನ್ನು 'ನಿರ್ವಾಹಕರೇ' ಅಂತ ಕೂಗುತ್ತಿದ್ದರು. ಅವನು ಬೇರೆ ಯಾರನ್ನೋ ಕರೆದರು ಅಂತ ಹಿಂದೆ ತಿರುಗಿ ನೋಡುತ್ತಿದ್ದ. ಶಾಲೆಯಲ್ಲಿ ಗಂಟೆ ಹೊಡೆಯುವವನು 'ಸಮಯಪಾಲಕ'. ಫೇಲಾದ ಹುಡುಗ 'ತಡವಾಗಿ ಪಾಸಾಗುವವನು'. ನನ್ನ ಹೋಟೆಲಿಗೂ 'ಉಪಾಹಾರ ಮಂದಿರ' ಅಂತ ತಾವೇ ಬಣ್ಣದಲ್ಲಿ ಬೋರ್ಡು ಬರೆದುಕೊಟ್ಟರು. ಆಮೇಲೆ ಒಂದು ವಾರ ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಾನೇ ಬೋರ್ಡು ಕಿತ್ತು ಸೌದೆ ಮೇಲೆ ಮುಚ್ಚಿದೆ.

ಯಾರನ್ನಾದರೂ ಕೂಲಿ, ಆಳು ಅಂದರೆ ಅವರಿಗೆ ಯಾರೋ ಹೊಡೆದ ಹಾಗೆ ಆಗುತ್ತಿತ್ತು. ತಾವು ಮಾತ್ರ ಮಕ್ಕಳಿಗೆ ಚೆನ್ನಾಗಿಯೇ ಹೊಡೆಯುತ್ತಿದ್ದರು. ಹೊಡೆಯುವಾಗ ಕತ್ತೆ ಅನ್ನುತ್ತಿದ್ದರು. ಕತ್ತೆಗೆ ಇನ್ನೂ ದೊಡ್ಡ ಹೆಸರು ಹುಡುಕಿರಲಿಲ್ಲ ಅಂತ ಕಾಣುತ್ತದೆ.

ಇಂಥವರ ಕೈಗೆ ಸರ್ಕಾರ ಒಂದು ಕೆಲಸ ಕೊಟ್ಟಿತು. ಯಾವುದೋ ಪರದೇಶದ ಸಂಸ್ಥೆಯವರು ಸರ್ಕಾರಗಳಿಗೆ ಪಾಠ ಹೇಳಿಕೊಡುತ್ತಾರಂತೆ. ಹೊರದೇಶಕ್ಕೆ ಹೋಗಿರುವ ನಿಮ್ಮ ಜನಕ್ಕೆ ಏನೇನು ಕೆಲಸ ಬರುತ್ತದೆ, ಯಾರು ಎಲ್ಲಿದ್ದಾರೆ, ಮೊದಲು ಒಂದು ನಕ್ಷೆ ಮಾಡಿಕೊಳ್ಳಿ. ಬೇಕಾದಾಗ ಅವರನ್ನು ಕರೆಸಬಹುದು, ಕೇಳಬಹುದು, ಇಲ್ಲಿನವರಿಗೆ ಕಲಿಸಿ ಅನ್ನಬಹುದು. ಹೀಗಂತ ಬೆಂಗಳೂರಿನಿಂದ ಬಂದ ಮೇಡಂ ಒಬ್ಬಳು ನನ್ನ ಹೋಟೆಲಿನಲ್ಲೇ ಕೂತು ವಿವರಿಸಿದಳು. ಹೋಗುವಾಗ ಯಾಕೆ ಹೋಗುತ್ತೀರಿ ಅಂತ ಯಾರೂ ಕೇಳಿರಲಿಲ್ಲ. ಹೋಗಿ ಕಲಿತ ಮೇಲೆ ಕಲಿತದ್ದನ್ನು ಎಣಿಸಲು ಬಂದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿಗೆ ಊರು ಬಲ್ಲ ಒಬ್ಬರು ಬೇಕಾಗಿತ್ತು. ಮೇಷ್ಟ್ರು ಮೊದಲು ಮಿರ್ಲೆಯಲ್ಲಿ, ಆಮೇಲೆ ಹಂಪಾಪುರದಲ್ಲಿ ಪಾಠ ಮಾಡಿದವರು. ಹೋದವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ಅವರಿಗೇ ಕೆಲಸ ಬಂತು. ಕೊರಳಿಗೆ ಒಂದು ಬ್ಯಾಡ್ಜೂ ಬಂತು. 'ಸಂಯೋಜಕರು' ಅಂತ ಇತ್ತು ಅದರ ಮೇಲೆ. ಕ್ಷೌರಕ್ಕೆ ಕೂತಾಗಲೂ ಅದನ್ನು ತೆಗೆಯಲಿಲ್ಲ. ಮೇಲೆ ಹೊದಿಸಿದ ಬಟ್ಟೆಯಿಂದ ಹೊರಗೆ ಎಳೆದು ಇಟ್ಟುಕೊಂಡಿದ್ದರು.

ಮೊದಲು ಮಾಡಿದ ಕೆಲಸ ಅಂದರೆ ಮೈಸೂರಿಗೆ ಹೋಗಿ ಪ್ರಪಂಚದ ಒಂದು ದೊಡ್ಡ ನಕ್ಷೆ ತಂದು ನನ್ನ ಹೋಟೆಲಿನ ಗೋಡೆಗೆ ಹೊಡೆದದ್ದು. ನಾನು ಬೇಡ ಅನ್ನಲಿಲ್ಲ. ಅಲ್ಲಿ ಗೋಡೆ ತೇವ ಹಿಡಿದು ಸುಣ್ಣ ಉದುರುತ್ತಿತ್ತು, ಅದು ಮುಚ್ಚಿಹೋಯಿತು. ಯಾರು ಯಾವ ದೇಶದಲ್ಲಿದ್ದಾರೋ ಅಲ್ಲಿ ಒಂದೊಂದು ಗುಂಡುಪಿನ್ನು ಚುಚ್ಚಿದರು. ದುಬೈಯಲ್ಲಿ ಪಿನ್ನುಗಳು ಹೇಗೋ ಹಿಡಿಸಿದವು. ಕುವೈತ್ ಅನ್ನುವುದು ನಕ್ಷೆಯಲ್ಲಿ ಹೆಸರುಕಾಳಿನಷ್ಟಿತ್ತು, ನಮ್ಮವರು ಅಲ್ಲಿ ಜಾಸ್ತಿ. ಪಿನ್ನು ಹಿಡಿಸದೆ ಪಕ್ಕದ ನೀರಿಗೆ ಚುಚ್ಚಿದರು. ನಮ್ಮ ಕಡೆಯ ಹೆಂಗಸರು ಎಷ್ಟೋ ಜನ ಸಮುದ್ರದಲ್ಲಿ ಕತ್ತಿನವರೆಗೆ ಮುಳುಗಿ ನಿಂತಿದ್ದರು. ಅದರಲ್ಲಿ ನನ್ನ ಸೊಸೆ ಮಂಜುಳನೂ ಒಬ್ಬಳು.

ಮಂಜುಳನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮಗ ಲಾರಿ ಕ್ಲೀನರ್ ಆಗಿ ಶುರು ಮಾಡಿ ಈಗಲೂ ಲಾರಿ ಕ್ಲೀನರ್ ಆಗಿಯೇ ಇದ್ದಾನೆ. ಸಿಕ್ಕಿದ್ದು ಕುಡಿಯುತ್ತಾನೆ. ಅವನನ್ನು ನಂಬಿದರೆ ಆಗುವುದಿಲ್ಲ ಅಂತ ಮಂಜುಳ ಕುವೈತಿಗೆ ಹೋಗಿ ಒಂದು ಅರಬ್ಬರ ಮನೆ ಸೇರಿದಳು. ಅಲ್ಲಿ ಕೈಕಾಲು ಬಿದ್ದುಹೋದ ಒಬ್ಬ ಮುದುಕಿ. ಅವಳನ್ನು ತೊಳೆಯುವುದು, ತಿನ್ನಿಸುವುದು, ಬೆನ್ನು ಹುಣ್ಣಾಗದಂತೆ ಹೊರಳಿಸುವುದು ಇವಳ ಕೆಲಸ. ಇವಳೂ ಹಂಪಾಪುರದ ಶಾಲೆಯವಳೇ, ಮೇಷ್ಟ್ರ ಶಿಷ್ಯೆ.

ಈಗ ಮೇಷ್ಟ್ರು ಲೆಕ್ಕ ತೆಗೆದ ರೀತಿ ಕೇಳಿ. ಮನೆ ಮನೆಗೆ ಹೋಗಿ ಕೇಳಬೇಕು ಅಂತ ಮೇಡಂ ಹೇಳಿ ಹೋಗಿದ್ದಳು. ಇವರಿಗೆ ಮಂಡಿ ನೋವು. ಸಂತೆಯ ದಿನ ಎಲ್ಲರೂ ಹ್ಯಾಂಡ್‌ಪೋಸ್ಟಿಗೆ ಬರುತ್ತಾರಲ್ಲ ಅಂತ ನನ್ನ ಹೋಟೆಲಿನಲ್ಲಿ ಮೇಜು ಹಾಕಿ ಕೂತರು. ಎಲ್ಲರ ಎದುರಿಗೆ, ಗಟ್ಟಿಯಾಗಿ, ಹಾಜರಿ ಕೂಗಿದ ಹಾಗೆ ಒಬ್ಬೊಬ್ಬರನ್ನೇ ಕೇಳಿದರು.

ನಮ್ಮ ಕಡೆ ಹೊರದೇಶಕ್ಕೆ ಹೋದವನು ಚೆನ್ನಾಗಿದ್ದಾನಾ ಅಂತ ಕೇಳುತ್ತೇವೆ, ಏನು ಕೆಲಸ ಅಂತ ಕೇಳುವುದಿಲ್ಲ. ಕೇಳಿದರೆ ಜಗಳಕ್ಕೆ ಬಂದ ಹಾಗೆ. ಹುಟ್ಟಿದಾಗಿನಿಂದ ಈ ಕಡೆಯೇ ಇರುವ ಮೇಷ್ಟ್ರಿಗೆ ಇಷ್ಟು ಗೊತ್ತಿರಲಿಲ್ಲ ಅನ್ನುವುದನ್ನು ನಾನು ಇವತ್ತಿಗೂ ನಂಬುವುದಿಲ್ಲ. ಬೇಕಂತಲೇ ಮಾಡಿದರು ಅಂತ ನನ್ನ ಅನುಮಾನ.

ಮೊದಲು ಬಂದವಳು ಕೆಂಪಮ್ಮ, ನಮ್ಮ ಬೀದಿಯವಳು. ಅವಳ ಮಗ ದುಬೈಯಲ್ಲಿ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆ. ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಹುಣ್ಣಾಗಿದೆ ಅಂತ ನನ್ನ ಹತ್ತಿರ ಬಂದು ಅತ್ತಿದ್ದಳು. ಆವತ್ತು ಅವಳ ಹಿಂದಿನ ಬೆಂಚಿನಲ್ಲಿ ಮಿರ್ಲೆಯಿಂದ ಬಂದ ಬೀಗರ ಕಡೆಯವರು ಕೂತಿದ್ದರು. ಆ ಮಗನಿಗೆ ಹೆಣ್ಣು ಕೊಡುವ ಮಾತು ನಡೆದಿತ್ತು.

"ನಿಮ್ಮ ಮಗ ವಿದೇಶದಲ್ಲಿ ಯಾವ ವೃತ್ತಿಯಲ್ಲಿದ್ದಾನಮ್ಮ?" ಅಂದರು ಮೇಷ್ಟ್ರು.

ಕೆಂಪಮ್ಮ ಹಿಂದಿನ ಬೆಂಚು ನೋಡಿದಳು. "ಓಟ್ಲಲ್ಲವ್ನೆ ಸಾ, ದುಬೈನಾಗೆ."

"ಹೋಟೆಲಿನಲ್ಲಿ ಏನು ನೋಡಿಕೊಳ್ಳುತ್ತಾನೆ?"

"ಏನಂದ್ರೆ... ಎಲ್ಲಾನೂ ನೋಡ್ಕತಾನೆ."

"ಎಲ್ಲವನ್ನೂ ನೋಡಿಕೊಳ್ಳುವವನು. ಮ್ಯಾನೇಜರ್," ಅಂತ ಮೇಷ್ಟ್ರು ಗಟ್ಟಿಯಾಗಿ ಹೇಳಿಕೊಂಡು ಬರೆದರು. ಮಿರ್ಲೆಯವರು ಒಬ್ಬರ ಮುಖ ಒಬ್ಬರು ನೋಡಿ ಇನ್ನೊಂದು ಪ್ಲೇಟ್ ವಡೆ ಹೇಳಿದರು.

ಅವಳ ಪಕ್ಕದಲ್ಲಿ ಹಂಪಾಪುರದ ದಿನಸಿ ಅಂಗಡಿ ಸಿದ್ದಪ್ಪ ನಿಂತಿದ್ದ. ಅವನ ತಮ್ಮ ಮಸ್ಕತ್ತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. "ನನ್ ತಮ್ಮನೂ ಮ್ಯಾನೇಜರ್ರೇ. ಬರ್ಕೊಳಿ ಮೇಷ್ಟ್ರೇ," ಅಂದ.

"ಯಾವ ವಿಭಾಗ?"

"ಗಾಡಿದು."

"ಎಷ್ಟು ಗಾಡಿಗಳಿವೆ ಅವನ ಕೈಕೆಳಗೆ?"

"ಒಂದೇಯ. ಆದ್ರೆ ಭಾರಿ ದೊಡ್ಡದು."

ಮೇಷ್ಟ್ರು ಸ್ವಲ್ಪ ಯೋಚಿಸಿ 'ಸಾರಿಗೆ ವ್ಯವಸ್ಥಾಪಕ' ಅಂತ ಬರೆದರು. ಕೆಂಪಮ್ಮನಿಗೆ ಹೊಟ್ಟೆ ಉರಿಯಿತು.

"ಅಂಗಾದ್ರೆ ನನ್ ಮಗನ್ನ ಜನರಲ್ ಮ್ಯಾನೇಜರ್ ಮಾಡಿ ಸಾ. ಇವ್ನ ತಮ್ಮನಿಗಿಂತ ನನ್ ಮಗ ಮುಂಚೆ ದುಬೈಗೆ ಓದವ್ನು."

"ನ್ಯಾಯವಾದ ಮಾತು," ಅಂತ ಮೇಷ್ಟ್ರು ತಿದ್ದಿಕೊಂಡರು.

ಆವತ್ತು ಸಂತೆ ಮುಗಿಯುವಷ್ಟರಲ್ಲಿ ನಾಲ್ಕು ತಾಲ್ಲೂಕಿನಿಂದ ಹೊರದೇಶಕ್ಕೆ ಹೋದವರಲ್ಲಿ ಮ್ಯಾನೇಜರಿಗಿಂತ ಕೆಳಗಿನವರು ಯಾರೂ ಉಳಿಯಲಿಲ್ಲ. ಅಷ್ಟೂ ಮ್ಯಾನೇಜರುಗಳ ಕೈಕೆಳಗೆ ಕೆಲಸ ಮಾಡುವವರು ಯಾರು ಅಂತ ನಾನು ಒಲೆ ಮುಂದೆ ಕೂತು ಯೋಚಿಸಿದೆ. ಕೊನೆಗೆ ಮೇಷ್ಟ್ರು ನನ್ನ ಕಡೆ ತಿರುಗಿದರು.

"ಗೌರಮ್ಮನವರೇ, ನಮ್ಮ ಮಂಜುಳ?"

"ಮಲಗಿದ್ ಕಡೆ ಮಲಗಿರೋ ಮುದ್ಕಿ ಹೇಲು ಉಚ್ಚೆ ಬಾಚ್ತಾಳೆ," ಅಂದೆ.

ವಡೆ ತಿನ್ನುತ್ತಿದ್ದ ಮಿರ್ಲೆಯವರು ತಟ್ಟೆ ಕೆಳಗಿಟ್ಟರು. ಮೇಷ್ಟ್ರು ಕೇಳಿಸಲಿಲ್ಲ ಅನ್ನುವ ಹಾಗೆ ಪೆನ್ನು ಝಾಡಿಸಿ 'ಆರೋಗ್ಯ ಆಡಳಿತಾಧಿಕಾರಿ' ಅಂತ ಬರೆದು, ಅದನ್ನು ನನಗೆ ಓದಿ ಹೇಳಿದರು. ಆಗಲಿ ಬಿಡು, ಕಾಗದದ ಮೇಲೆ ತಾನೇ ಅಂತ ನಾನು ಲೋಟ ತೊಳೆಯಲು ಹೋದೆ.

ಮೇಡಂ ಮತ್ತೆ ಬಂದಾಗ ಅವಳ ಸಂತೋಷ ನೋಡಬೇಕಾಗಿತ್ತು. ನಕ್ಷೆ ಮುಂದೆ ನಿಂತು ಫೋನಿನಲ್ಲಿ ಫೋಟೋ ತೆಗೆದಳು, ಮೇಷ್ಟ್ರನ್ನು ನಿಲ್ಲಿಸಿ ಒಂದು, ಛತ್ರಿ ಜೊತೆ ಒಂದು.

"ಇಷ್ಟೊಂದು ಮೇಲ್ದರ್ಜೆ ಜನ ಒಂದೇ ಕಡೆಯಿಂದ ಹೋಗಿರೋದು ನಾನು ಎಲ್ಲೂ ನೋಡಿಲ್ಲ ಸರ್. ಇದಕ್ಕೆ ಕಾರಣ ಏನು?" ಅಂತ ಕೇಳಿದಳು.

"ಅಡಿಪಾಯ ಮೇಡಂ. ಪ್ರಾಥಮಿಕ ಶಿಕ್ಷಣ," ಅಂದರು ಮೇಷ್ಟ್ರು. ಅವರ ಮುಖದಲ್ಲಿ ನಾಚಿಕೆ ಅನ್ನುವುದು ಒಂದು ಸಾಸಿವೆಯಷ್ಟೂ ಕಾಣಲಿಲ್ಲ. ಮೈಸೂರಿನಲ್ಲಿ ಒಂದು ಸಭೆ ಮಾಡಿ ಅವರಿಗೆ ಶಾಲು ಹೊದಿಸಿದರು.

ಇಷ್ಟೇ ಆಗಿದ್ದರೆ ನಗುವ ವಿಷಯ. ಆದರೆ ಮಳೆಗಾಲ ಕಳೆದ ಮೇಲೆ ಮಂಜುಳ ಫೋನ್ ಮಾಡಿದಳು.

"ಅತ್ತೆ, ಮುದ್ಕಮ್ಮ ತೀರ್ಕಂಡ್ರು. ನನ್ನ ಈ ಮನೆಯವ್ರ ನಂಟರ ಮನೆಗೆ ಕಳಿಸ್ತಾರಂತೆ. ಅಲ್ಲಿ ಇದ್ದೋಳು ಹೊಡ್ತ ತಡೀನಾರ್ದೆ ಓಡೋದ್ಲಂತೆ," ಅಂದಳು.

"ನೀನೂ ಹೋಗ್ಬ್ಯಾಡ. ಬಂದ್ಬುಡು."

"ಬಂದು ಏನ್ ಮಾಡ್ಲಿ ಅತ್ತೆ? ನಿಮ್ ಮಗನ ಮುಖ ನೋಡ್ಕಂಡು ಕೂತ್ಕಳ್ಳನಾ? ಊರಲ್ಲಿ ಒಂದು ಕೆಲ್ಸ ಅಂತ ಇದ್ರೆ ಹೇಳಿ, ಈ ತಿಂಗಳೇ ಬತ್ತೀನಿ. ಇಲ್ದಿದ್ರೆ ಆ ಮನೆಗೆ ಓಯ್ತೀನಿ."

ಅತ್ತೆ ಸೊಸೆ ಅಂದರೆ ನಾವೇನೂ ಹಾಲು ಸಕ್ಕರೆ ಅಲ್ಲ. ಅವಳು ಇಲ್ಲಿದ್ದಾಗ ದಿನಕ್ಕೆ ಒಂದು ಜಗಳ ಆಗುತ್ತಿತ್ತು. ಆದರೆ ಹೊಡೆಯುವ ಮನೆ ಅಂತ ಗೊತ್ತಿದ್ದೂ ಅಲ್ಲಿಗೆ ಹೋಗು ಅನ್ನಲು ನನಗೆ ಬಾಯಿ ಬರಲಿಲ್ಲ.

ಆಗ ಹುಣಸೂರಿನಲ್ಲಿ ಸರ್ಕಾರದವರು ಹಾಸಿಗೆ ಹಿಡಿದ ವಯಸ್ಸಾದವರಿಗೆ ಅಂತ ಹೊಸ ಆರೈಕೆ ಮನೆ ಕಟ್ಟಿದ್ದರು. ಹೊರದೇಶದಲ್ಲಿ ಈ ಕೆಲಸ ಮಾಡಿ ಬಂದವರನ್ನು ಮೊದಲು ತೆಗೆದುಕೊಳ್ಳುತ್ತಾರಂತೆ ಅಂತ ಬಸ್ಸಿನವರ ಬಾಯಲ್ಲಿ ಕೇಳಿದೆ. ಹೋಟೆಲು ಮುಚ್ಚಿ ಹುಣಸೂರಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವನಿಗೆ ವಿಷಯ ಹೇಳಿದೆ.

"ಅಜ್ಜಿ, ನಾವೂ ಅದನ್ನೇ ಹುಡುಕಿದ್ವಿ. ನಿಮ್ಮ ನಾಲ್ಕು ತಾಲ್ಲೂಕಲ್ಲಿ ಆ ಕೆಲಸ ಬಲ್ಲವರು ಒಬ್ಬರೂ ಇಲ್ಲ," ಅಂದ.

"ಯಾರ್ ಹೇಳ್ದೋರು?"

"ನಕ್ಷೆ ಇದೆಯಲ್ಲ. ಎಲ್ಲಾ ಮ್ಯಾನೇಜರ್‌ಗಳೇ. ಅದಕ್ಕೇ ಹೊರಗಿನಿಂದ ಜನ ಕರೆಸೋಕೆ ಬರೆದಿದೀವಿ."

"ನನ್ ಸೊಸೆ ಅದೇ ಕೆಲ್ಸ ಮಾಡ್ತವ್ಳೆ ಕಣಪ್ಪ, ಕುವೈತಲ್ಲಿ. ಮಂಜುಳ ಅಂತ. ನೋಡು."

ಅವನು ನೋಡಿದ. ನೋಡಿದ ಮೇಲೆ ಸ್ವಲ್ಪ ನೆಟ್ಟಗೆ ಕೂತು, "ಅಜ್ಜಿ, ಅವರು ಆಡಳಿತಾಧಿಕಾರಿ ಅಂತ ಇದ್ದಾರೆ. ಅಂಥವರಿಗೆ ಆಯಾ ಕೆಲಸ ಕೊಡೋಕಾಗುತ್ತಾ? ನಾಳೆ ಅವಮಾನ ಮಾಡಿದ್ರಿ ಅಂತ ಅರ್ಜಿ ಹಾಕಿದ್ರೆ?" ಅಂದ.

"ಅಂಗಾದ್ರೆ ಅವಳನ್ನೇ ಆಡಳಿತಕ್ಕೆ ತಗಳಿ."

"ಅದಕ್ಕೆ ಡಿಗ್ರಿ ಬೇಕು."

ನೋಡಿ, ಮೇಷ್ಟ್ರು ಅವಳನ್ನು ಎಲ್ಲಿ ತಂದು ನಿಲ್ಲಿಸಿದ್ದರು. ಮೇಲಿನ ಕೆಲಸಕ್ಕೆ ಓದು ಸಾಲದು, ಕೆಳಗಿನ ಕೆಲಸಕ್ಕೆ ಪದವಿ ಜಾಸ್ತಿಯಾಯಿತು. ಸಮುದ್ರದಲ್ಲಿ ಚುಚ್ಚಿದ ಪಿನ್ನು ಸರಿಯಾಗಿಯೇ ಇತ್ತು. ಬದಲಾಯಿಸಬೇಕಾದರೆ ಸಂಯೋಜಕರೇ ತಿದ್ದಿ ಸಹಿ ಹಾಕಬೇಕು, ಅದೂ ಹೊರಗಿನವರು ಬಂದು ಸೇರುವ ಮುಂಚೆ, ಅಂತ ಅವನು ಹೇಳಿದ. ಪುಣ್ಯಾತ್ಮ, ತಿದ್ದುವ ಕಾಗದವನ್ನೂ ಕೊಟ್ಟ.

ಮಾರನೆಯ ದಿನ ಮೇಷ್ಟ್ರು ಎಂದಿನಂತೆ ಬಂದು ಕೂತರು. ನಾನು ಟೀ ಬದಲು ಆ ಕಾಗದ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

"ಆಯಾ ಅಂತ ಬರ್ದು ಸಹಿ ಹಾಕಿ."

"ಸಾಧ್ಯವಿಲ್ಲ," ಅಂದರು.

"ಯಾಕೆ ಸಾಧ್ಯವಿಲ್ಲ?"

"ಮಂಜುಳ ನನ್ನ ಶಾಲೆಯ ಹುಡುಗಿ. ಏಳನೇ ಕ್ಲಾಸಿನಲ್ಲಿ ಪ್ರಬಂಧಕ್ಕೆ ತಾಲ್ಲೂಕಿಗೇ ಮೊದಲ ಬಹುಮಾನ ತಂದವಳು. 'ನಾನು ದೊಡ್ಡವಳಾದ ಮೇಲೆ' ಅಂತ ವಿಷಯ. ಜಿಲ್ಲಾಧಿಕಾರಿ ಆಗುತ್ತೇನೆ ಅಂತ ಬರೆದಿದ್ದಳು. ಅವಳ ಹೆಸರಿನ ಮುಂದೆ ಆ ಪದ ನನ್ನ ಕೈಯಲ್ಲಿ ಬರೆಯಲಾರೆ."

"ಆ ಪ್ರಬಂಧ ನೀವೇ ಹೇಳಿ ಬರ್ಸಿದ್ದು ಅಂತ ಅವ್ಳೇ ಹೇಳವ್ಳೆ."

ಮೇಷ್ಟ್ರು ಕರವಸ್ತ್ರ ತೆಗೆದು, ಒರೆಸಲು ಲೋಟ ಇಲ್ಲದೆ, ಬ್ಯಾಡ್ಜನ್ನೇ ಒರೆಸಿಕೊಂಡರು.

"ಗೌರಮ್ಮ, ಒಮ್ಮೆ ಹಾಗೆ ಬರೆದರೆ ಅದೇ ಉಳಿಯುತ್ತದೆ. ನಿನಗೆ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗೋದು ಇಷ್ಟೇಯ. ಇದು ಬರೀದಿದ್ರೆ ಅವ್ಳು ಹೊಡ್ಯೋರ ಮನೆಗೆ ಓಯ್ತಾಳೆ. ಅಲ್ಲಿ ಏಟು ತಿನ್ನುವಾಗ ಆಡಳಿತಾಧಿಕಾರಿ ಅಂತ ಅಂದ್ಕಂಡು ತಿನ್ಲಾ? ನಿಮ್ ಮರ್ವಾದಿಗೆ ಅವ್ಳ ಬೆನ್ನು ಯಾಕ್ ಮೇಷ್ಟ್ರೇ?"

ಆಮೇಲೂ ಅವರು ಅಲ್ಲಾಡಲಿಲ್ಲ. ನಾನು ಎದ್ದು ಹೋಗಿ ನಕ್ಷೆಯಿಂದ ಮಂಜುಳನ ಪಿನ್ನು ಕಿತ್ತು ಅವರ ಮುಂದೆ ಮೇಜಿನ ಮೇಲೆ ಹಾಕಿದೆ. "ಅಂಗಾದ್ರೆ ಇವ್ಳು ನಿಮ್ ಸ್ಕೂಲಿನವಳೂ ಅಲ್ಲ, ನಿಮ್ ನಕ್ಷೆಯವಳೂ ಅಲ್ಲ. ಇನ್ನು ನಿಮಗೆ ಇಲ್ಲಿ ಟೀನೂ ಇಲ್ಲ," ಅಂದೆ.

ಮೇಷ್ಟ್ರು ಆ ಪಿನ್ನನ್ನು ಬೆರಳಲ್ಲಿ ಉರುಳಿಸುತ್ತಾ ಕೂತರು. ಒಂದು ಬಸ್ಸು ಬಂದು ಹೋಯಿತು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ನನ್ನ ಕಡೆ ಚಾಚಿದರು.

"ನೀನೇ ಬರಿ. ನಾನು ಸಹಿ ಹಾಕುತ್ತೇನೆ."

ಆಯಾ ಅನ್ನಲು ಎರಡೇ ಅಕ್ಷರ. ನಾನು ಶಾಲೆ ಬಿಟ್ಟಿದ್ದು ಬೇಗ, ಆದರೂ ಅಷ್ಟು ಬರುತ್ತಿತ್ತು. ನಾನು ಬರೆಯುವಾಗ ಮೇಷ್ಟ್ರು ಮುಖ ತಿರುಗಿಸಿ ನಕ್ಷೆ ನೋಡುತ್ತಿದ್ದರು, ಹೆರಿಗೆ ಕೋಣೆಯ ಹೊರಗೆ ಗಂಡಸರು ನಿಲ್ಲುತ್ತಾರಲ್ಲ, ಹಾಗೆ. ಬರೆದು ಮುಗಿಸಿ ಕಾಗದ ತಳ್ಳಿದೆ. ಕಣ್ಣು ಅರ್ಧ ಮುಚ್ಚಿಕೊಂಡೇ ಸಹಿ ಹಾಕಿದರು. ಆಮೇಲೆ ಅಭ್ಯಾಸ ತಡೆಯಲಾರದೆ ಕೆಂಪು ಪೆನ್ನು ತೆಗೆದು ನನ್ನ ಎರಡು ಅಕ್ಷರದ ಪಕ್ಕ ಒಂದು ರೈಟು ಹಾಕಿದರು. ನನ್ನ ಜನ್ಮದಲ್ಲಿ ನನಗೆ ಬಿದ್ದ ರೈಟು ಅದೊಂದೇ ಇರಬೇಕು. ಟೀ ಕೊಟ್ಟೆ.

ಈ ಸುದ್ದಿ ಹೇಗೋ ಹಬ್ಬಿತು. ಒಂದು ದಿನ ಮಧ್ಯಾಹ್ನ ಗಿರಾಕಿ ಇಲ್ಲದೆ ಮೇಷ್ಟ್ರು ಒಬ್ಬರೇ ಕೂತಿದ್ದ ಹೊತ್ತಿನಲ್ಲಿ ಹಿತ್ತಲ ಬಾಗಿಲಲ್ಲಿ ಕೆಂಪಮ್ಮ ಬಂದು ನಿಂತಳು. ಮಗನ ಮದುವೆ ಆಗಿತ್ತು, ಇನ್ನು ಅವಳಿಗೆ ಭಯ ಇರಲಿಲ್ಲ.

"ಸಾ, ನನ್ ಮಗ ತಟ್ಟೆ ತೊಳೀತಾನೆ. ಆದ್ರೆ ಈಗ ಅಡುಗೇನೂ ಕಲ್ತವ್ನೆ. ಇಲ್ಲಿ ಸರ್ಕಾರದ ಹಾಸ್ಟೆಲ್‌ನಲ್ಲಿ ಅಡುಗೆಯವ್ರು ಬೇಕಂತಲ್ಲ. ಅದ್ನೇ ಬರ್ಕೊಳಿ. ಮಿರ್ಲೆಯವ್ರಿಗೆ ಮಾತ್ರ ಏಳ್ಬ್ಯಾಡಿ," ಅಂದಳು.

"ಜನರಲ್ ಮ್ಯಾನೇಜರ್ ಅಂತ ನೀವೇ ಹೇಳಿದಿರಲ್ಲಮ್ಮ," ಅಂದರು ಮೇಷ್ಟ್ರು ನೊಂದುಕೊಂಡು.

"ಅದು ಮುಂಬಾಗಿಲಲ್ಲಿ ಸಾ."

ಅವಳ ಹಿಂದೆ ಸಿದ್ದಪ್ಪ ಬಂದ, ಅವನ ಹಿಂದೆ ಇನ್ನೊಬ್ಬರು. ಸಂತೆ ದಿನ ಮುಂದಿನ ಬಾಗಿಲಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಮ್ಯಾನೇಜರ್ ಅಂದವರೆಲ್ಲ ಹಿತ್ತಲ ಕಡೆಯಿಂದ ಬಗ್ಗಿಕೊಂಡು ಬಂದು ಡ್ರೈವರ್, ಗಾರೆಯವ, ಮನೆಗೆಲಸ ಅಂತ ತಿದ್ದಿಸಿಕೊಂಡು ಹೋದರು. ಮೇಷ್ಟ್ರು ಮಾತ್ರ ಒಂದನ್ನೂ ತಮ್ಮ ಕೈಯಿಂದ ಬರೆಯಲಿಲ್ಲ. ಎಲ್ಲರಿಗೂ ಪೆನ್ನು ಕೊಟ್ಟು ಮುಖ ತಿರುಗಿಸಿದರು, ಸಹಿ ಹಾಕಿದರು, ರೈಟು ಹಾಕಿದರು. ಬರೆಯಲು ಬಾರದವರಿಗೆ ನಾನು ಬರೆದುಕೊಟ್ಟೆ. ನನ್ನ ಕೈಬರಹ ಸರ್ಕಾರದ ಕಡತದಲ್ಲಿ ಸೇರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಮೇಡಂಗೆ ಬೇಜಾರಾಗುತ್ತದೆ ಅಂತ ಮೇಷ್ಟ್ರು ಹೆದರಿದ್ದರು. ಏನೂ ಆಗಲಿಲ್ಲ. ಮ್ಯಾನೇಜರುಗಳು ಇದ್ದಾಗ 'ಅಪರೂಪದ ಸಾಧನೆ' ಅಂದವಳು ಅವರೆಲ್ಲ ಹೋದ ಮೇಲೆ 'ಸುಧಾರಿಸಿದ ಮಾಹಿತಿ' ಅಂದಳು. ಇನ್ನೊಂದು ಸಭೆ ಮಾಡಿ ಮೇಷ್ಟ್ರಿಗೆ ಇನ್ನೊಂದು ಶಾಲು ಹೊದಿಸಿದಳು. ಸುಳ್ಳಿಗೆ ಒಂದು, ನಿಜಕ್ಕೆ ಒಂದು. ಎರಡೂ ಒಂದೇ ಬಣ್ಣದವು.

ಮಂಜುಳ ಬಂದಳು. ಹುಣಸೂರಿನ ಆರೈಕೆ ಮನೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಅವಳ ಕೊರಳಿಗೆ ಹಾಕಿದ ಬ್ಯಾಡ್ಜನ್ನು ಸಂಜೆ ಹೋಟೆಲಿಗೆ ತಂದು ತೋರಿಸಿದಳು. 'ಆರೈಕೆ ಸಂಯೋಜಕಿ' ಅಂತ ಇತ್ತು. ಕೆಲಸ ಅದೇ, ಬೇಸಿನ್ನು ಅದೇ, ವಾಸನೆ ಅದೇ. ಮೇಷ್ಟ್ರು ಆ ಬ್ಯಾಡ್ಜನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಗೆದ್ದವರ ಹಾಗೆ ನನ್ನನ್ನು ನೋಡಿದರು.

"ನೋಡಿದಿರಾ ಗೌರಮ್ಮನವರೇ? ನಾನು ಮೊದಲೇ ಹೇಳಿದ್ದೆ."

ಆ ಹೊತ್ತಿನಲ್ಲಿ ಕೈಯಲ್ಲಿ ಸೌಟು ಇತ್ತು. ಹೊಡೆಯಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೇನೆ.

ಹೋದ ವರ್ಷ ಮೇಷ್ಟ್ರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಹ್ಯಾಂಡ್‌ಪೋಸ್ಟಿನಲ್ಲೇ ಮೊಬೈಲ್ ಅಂಗಡಿ ಇಟ್ಟಿರುವ ಮಗ, ಅವನ ಹೆಂಡತಿ, ಇಬ್ಬರೂ ಮನೆಯಲ್ಲೇ ಇದ್ದರು, ಒಳ್ಳೆಯವರೇ. ಆದರೆ ಮಲಗಿದವರನ್ನು ಹೇಗೆ ಎತ್ತುವುದು ಅಂತ ಗೊತ್ತಿಲ್ಲದೆ, ಅವನು ಒಂದು ಕಡೆ ಎಳೆದು ಅವಳು ಒಂದು ಕಡೆ ಎಳೆದು, ಬೆನ್ನೆಲ್ಲ ಹುಣ್ಣು ಮಾಡಿದರು. ಕೊನೆಗೆ ಹುಣಸೂರಿಗೆ ಸೇರಿಸಿದರು. ಅಲ್ಲಿ ನಡೆದದ್ದನ್ನು ಮಂಜುಳ ನನಗೆ ಹೇಳಿದಳು.

ಮೊದಲ ದಿನವೇ ಮೇಷ್ಟ್ರು ಹಾಸಿಗೆ ಕೆಡಿಸಿಕೊಂಡಿದ್ದರು. ಮಂಜುಳ 'ಸಂಯೋಜಕಿ' ಬ್ಯಾಡ್ಜು ಹಾಕಿಕೊಂಡು ಬೇಸಿನ್ನು ಹಿಡಿದು ಬಂದದ್ದನ್ನು ನೋಡಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರಂತೆ.

"ನೀನು ಬೇಡ ಮಂಜುಳ. ನೀನು ಹೊರಗೆ ಹೋಗು. ಆಯಾನ ಕರೆಸು."

ನನ್ನ ಕೈಯಲ್ಲಿ ಬರೆಸಿದ ಪದ ಅವರ ಬಾಯಲ್ಲಿ ಬಂದದ್ದು ಆಗಲೇ.

"ಇಲ್ಲಿ ಬೇರೆ ಯಾರೂ ಇಲ್ಲ ಸಾ. ನಾನೇಯ," ಅಂದಳಂತೆ ಮಂಜುಳ.

"ನಿನ್ನ ಬ್ಯಾಡ್ಜಿನಲ್ಲಿ ಬೇರೆ ಇದೆಯಲ್ಲ."

"ಬ್ಯಾಡ್ಜು ಬಟ್ಟೆ ಬದಲಾಯ್ಸಲ್ಲ ಸಾ. ಆ ಪಕ್ಕಕ್ಕೆ ತಿರುಗಿ."

ಮೇಷ್ಟ್ರು ತಿರುಗಿದರು. ಮುಖ ಗೋಡೆ ಕಡೆ ಹೋಯಿತು. ಅವಳು ತೊಳೆಯುವಾಗ ಗೋಡೆಗೆ ಹೇಳಿದ ಹಾಗೆ ಹೇಳಿದರಂತೆ, "ಪ್ರಬಂಧದಲ್ಲಿ ನಿನಗೆ ಬಹುಮಾನ ಬಂದಿತ್ತು."

"ಹೂಂ ಸಾ. ಈಗ ಈ ಪಕ್ಕಕ್ಕೆ."

ಅವರು ಬದಲಾದರು ಅಂತ ಯಾರೂ ತಿಳಿಯಬೇಡಿ. ನಾನು ನೋಡಲು ಹೋದಾಗ ಪಕ್ಕದ ಹಾಸಿಗೆಯವರಿಗೆ ಮಂಜುಳನನ್ನು ತೋರಿಸಿ, "ಇವರು ಈ ಸಂಸ್ಥೆಯ ಮುಖ್ಯಸ್ಥೆ, ನನ್ನ ಶಿಷ್ಯೆ," ಅನ್ನುತ್ತಿದ್ದರು. ಮುಖ್ಯಸ್ಥೆ ಅವರ ಮೂತ್ರದ ಬಾಟಲಿ ಹಿಡಿದು ನಿಂತಿದ್ದಳು. ನನ್ನನ್ನು ಪರಿಚಯ ಮಾಡಿಕೊಡಲು ಬಾಯಿ ತೆರೆದರು. ಏನು ಬರುತ್ತದೋ ಅಂತ ಹೆದರಿ ತಂದಿದ್ದ ಇಡ್ಲಿ ಬಾಯಿಗೆ ತುರುಕಿದೆ. ಬೆನ್ನಿನ ಹುಣ್ಣು ಮಾತ್ರ ಪೂರ್ತಿ ಮಾಗಿತ್ತು. ಸಾಯುವಾಗ ಮೈಯಲ್ಲಿ ಒಂದೂ ಗಾಯ ಇರಲಿಲ್ಲ.

ನಕ್ಷೆ ಈಗಲೂ ನನ್ನ ಗೋಡೆಯ ಮೇಲೆ ಇದೆ. ತೇವ ಮತ್ತೆ ಮೇಲೆ ಬಂದು ಸಮುದ್ರವೆಲ್ಲ ಕಂದುಬಣ್ಣಕ್ಕೆ ತಿರುಗಿದೆ. ಪಿನ್ನುಗಳು ತುಕ್ಕು ಹಿಡಿದಿವೆ. ಕೆಲವರು ವಾಪಸು ಬಂದರು, ಕೆಲವರು ಬರಲಿಲ್ಲ. ಕೇಳಿದರೆ ಚೆನ್ನಾಗಿದ್ದಾನೆ ಅನ್ನುತ್ತಾರೆ.

ಇನ್ನು ಪುಸ್ತಕ ಮಾಡುವವರಿಗೆ ಒಂದು ಮಾತು. ಮೊದಲ ಪುಟದಲ್ಲಿ ಫೋಟೋ ಕೆಳಗೆ 'ಹಿರಿಯ ಶಿಕ್ಷಣ ತಜ್ಞರು ಹಾಗೂ ಅಂತರರಾಷ್ಟ್ರೀಯ ಮಾನವ ಸಂಪನ್ಮೂಲ ಚಿಂತಕರು' ಅಂತ ಹಾಕಿದ್ದೀರಿ. ಅವರಿದ್ದಿದ್ದರೆ ಓದಿ ಖುಷಿಪಟ್ಟು ಇನ್ನೂ ಎರಡು ಪದ ಸೇರಿಸಿ ಅನ್ನುತ್ತಿದ್ದರು. ಅದಕ್ಕೇ ಹೇಳುತ್ತಿದ್ದೇನೆ, ಅದನ್ನು ಹೊಡೆದುಹಾಕಿ, ಮೇಷ್ಟ್ರು ಅಂತ ಬರೆಯಿರಿ. ನಿಮ್ಮ ಕೈಯಲ್ಲಿ ಬರೆಯಲು ಆಗದಿದ್ದರೆ ಮುಖ ಆ ಕಡೆ ತಿರುಗಿಸಿ, ಪೆನ್ನು ಇಲ್ಲಿ ಕೊಡಿ.